ವಾಚಕರ ವಾಣಿಗೆ ಪತ್ರ ಬರೆಯುವ ಬಗೆ

ಬಸ್ಸಿನ ನೂಕುನುಗ್ಗಲು, ಕ್ರಿಕೆಟ್ ತಂಡದ ಸೋಲು ಗೆಲುವು, ಸಿನಿಮಾ ಟಿಕೆಟ್ಟಿನ ದರ, ಅಂಗಡಿಯ ನಾಮಫಲಕದ ಭಾಷೆ, ಇಂಥ ಸಂಗತಿಗಳ ಬಗ್ಗೆ ಬೆಳಗಿನ ಕಾಫಿಯ ಹೊತ್ತಿಗೆ ಅಭಿಪ್ರಾಯ ಹೇಳದ ಮನೆ ನಮ್ಮಲ್ಲಿ ಅಪರೂಪ. ಅದನ್ನು ಪತ್ರಿಕೆಗೆ ಬರೆದು ಕಳಿಸಬೇಕೆಂದು ಅಂದುಕೊಳ್ಳುವವರೂ ಬಹಳ ಮಂದಿ ಇದ್ದಾರೆ. ಒಂದೆರಡು ಸಲ ಕಳಿಸಿ, ಅಚ್ಚಾಗದೆ, ಕೈಬಿಟ್ಟವರು ಅವರಲ್ಲಿ ಹೆಚ್ಚು. ದಾವಣಗೆರೆಯಲ್ಲಿ ಪ್ರೌಢಶಾಲೆಯ ಮೇಷ್ಟರಾಗಿದ್ದ ಕಾಲದಿಂದಲೂ ನಾನು ‘ಪ್ರಜಾವಾಣಿ’ಯ ‘ವಾಚಕರ ವಾಣಿ’ಗೂ ಬೇರೆ ಪತ್ರಿಕೆಗಳ ಅಂಥದೇ ಅಂಕಣಗಳಿಗೂ ಬರೆಯುತ್ತಾ ಬಂದಿದ್ದೇನೆ. ಅಚ್ಚಾಗದ ಪತ್ರಗಳ ಪ್ರತಿಗಳನ್ನೂ ಇಟ್ಟುಕೊಂಡಿರುವುದರಿಂದ, ಯಾವ ಪತ್ರ ಏಕೆ ಬಿದ್ದುಹೋಯಿತೆಂಬುದು ಈಗ ನನಗೆ ತಕ್ಕಮಟ್ಟಿಗೆ ತಿಳಿಯುತ್ತದೆ. ಹೊಸದಾಗಿ ಬರೆಯುವವರಿಗೆ ಅದು ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ವಿಷಯವನ್ನು ಆರಿಸಿಕೊಳ್ಳುವುದು. ಬಹುಪಾಲು ಪತ್ರಗಳು ಎಡವುವುದೂ ಇಲ್ಲಿಯೇ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಪುರುಷರ ತಂಡ ಮೊದಲ ಬಾರಿಗೆ ಐಪಿಎಲ್ ಗೆದ್ದಿತು, ಮರುದಿನವೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಆ ವಾರ ನಾನೂ ಪತ್ರ ಬರೆಯಲು ಕುಳಿತೆ. ಸಂಕಟವಿತ್ತು, ಸಿಟ್ಟಿತ್ತು, ಆದರೆ ಯಾರ ಹೊಣೆ ಎಷ್ಟು ಎಂದು ಹೇಳಲು ಟಿ.ವಿ.ಯಲ್ಲಿ ನೋಡಿದ್ದರ ಹೊರತು ನನ್ನ ಬಳಿ ಏನೂ ಇರಲಿಲ್ಲ. ಅದನ್ನು ತಿಳಿಯುವುದಕ್ಕೆಂದೇ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹ ಅವರ ಆಯೋಗವನ್ನು ನೇಮಿಸಿತ್ತು. ಬರೆದದ್ದನ್ನು ಹರಿದು ಹಾಕಿ, ಜನಜಂಗುಳಿಯ ಬಗ್ಗೆ ನನಗೆ ನಿಜವಾಗಿ ಗೊತ್ತಿರುವುದೇನು ಎಂದು ಯೋಚಿಸಿದೆ. ನನಗೆ ಗೊತ್ತಿದ್ದದ್ದು ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ದುಗ್ಗಮ್ಮನ ಜಾತ್ರೆ. ದರ್ಶನಕ್ಕೆ ಹೋಗುವವರೂ ಮುಗಿಸಿ ಬರುವವರೂ ಒಂದೇ ಕಿರಿದಾದ ದಾರಿಯಲ್ಲಿ ಎದುರುಬದುರಾಗುವ ಜಾಗ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು ಅಲ್ಲಿ ಹಿಂದಕ್ಕೂ ಸರಿಯಲಾಗದೆ ನಿಲ್ಲುವುದು, ಇವನ್ನು ನಾನು ಕಣ್ಣಾರೆ ಕಂಡಿದ್ದೆ. ಮುಂದಿನ ಜಾತ್ರೆಗೆ ಮೊದಲೇ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ ಎಂದು ಗುರುತಿಸಿ ಫಲಕ ಹಾಕಬೇಕೆಂದು ಅಷ್ಟನ್ನೇ ಬರೆದೆ. ಅದು ಅಚ್ಚಾಯಿತು. ಬೆಂಗಳೂರಿನ ದುರಂತದ ಬಗ್ಗೆ ಪತ್ರಿಕೆಗೆ ಆ ವಾರ ಬಂದ ರಾಶಿಯಲ್ಲಿ ನನ್ನ ಸಿಟ್ಟಿನ ಪತ್ರ ಇನ್ನೊಂದು ಪ್ರತಿಯಂತೆ ಇರುತ್ತಿತ್ತು. ಜಾತ್ರೆಯ ದಾರಿಯನ್ನು ಬೇರೆ ಯಾರೂ ಬರೆದಿರಲಿಲ್ಲ.

ಆದ್ದರಿಂದ ಪೆನ್ನು ಹಿಡಿಯುವ ಮೊದಲು, ಈ ವಿಷಯದಲ್ಲಿ ನಾನು ನೋಡಿದ್ದು, ಎಣಿಸಿದ್ದು, ಕೈಯಿಂದ ದುಡ್ಡು ಕೊಟ್ಟದ್ದು, ಇವುಗಳಲ್ಲಿ ಒಂದಾದರೂ ಇದೆಯೇ ಎಂದು ಕೇಳಿಕೊಳ್ಳಿ. ಇಲ್ಲವಾದರೆ ಅಭಿಪ್ರಾಯವನ್ನು ಇನ್ನೂ ನಾಲ್ಕು ದಿನ ಮನಸ್ಸಿನಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಕಂಡದ್ದಿದ್ದರೆ ಸಾಲದು, ಅದರ ಜೊತೆಗೆ ಸೇರಿಸುವ ಸಂಗತಿ ಸರಿಯಾಗಿರಬೇಕು. ಈ ವಿಷಯದಲ್ಲಿ ನಾನು ಹಟಮಾರಿ. ಸಿನಿಮಾ ಟಿಕೆಟ್ಟಿನ ದರವನ್ನೇ ನೋಡಿ. ‘200 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವುದು ಕಾನೂನುಬಾಹಿರ’ ಎಂದು ಬರೆಯುವುದು ಬಹಳ ಸುಲಭ. ಆದರೆ 2017ರಲ್ಲೊಮ್ಮೆ ಇಂಥ ಮಿತಿಯ ಆದೇಶ ಹೊರಟಿತ್ತು. ಆಮೇಲೆ 2025ರ ಮಾರ್ಚ್‌ನ ಬಜೆಟ್‌ನಲ್ಲಿ ಮತ್ತೆ ಘೋಷಣೆಯಾಯಿತು. ಸೆಪ್ಟೆಂಬರ್‌ನಲ್ಲಿ ತೆರಿಗೆ ಬಿಟ್ಟು 200 ರೂಪಾಯಿ ಎಂಬ ನಿಯಮ ಪ್ರಕಟವಾಯಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಘೋಷಣೆ, ನಿಯಮ, ತಡೆಯಾಜ್ಞೆ, ಈ ಮೂರೂ ಬೇರೆ ಬೇರೆ. ಬಜೆಟ್‌ನಲ್ಲಿ ಹೇಳಿದ್ದನ್ನು ಜಾರಿಯಲ್ಲಿರುವ ಕಾನೂನು ಎಂದು ತಿಳಿದು ಬರೆದ ಪತ್ರವನ್ನು ಉಪಸಂಪಾದಕರು ಮೊದಲ ಓದಿನಲ್ಲಿಯೇ ಪಕ್ಕಕ್ಕಿಡುತ್ತಾರೆ, ಇಡಲೂಬೇಕು. ‘ನಾಲ್ಕು ಜನರ ಸಂಸಾರ ಭಾನುವಾರ ಒಂದು ಕನ್ನಡ ಸಿನಿಮಾಕ್ಕೆ ಹೋಗಿ ಬರಲು ಟಿಕೆಟ್ಟಿಗೆ ಇಷ್ಟು, ಒಳಗೆ ಪಾಪ್‌ಕಾರ್ನ್‌ಗೆ ಇಷ್ಟು, ಆಟೊಗೆ ಇಷ್ಟು ಕೊಟ್ಟೆವು’ ಎಂದು ಕೈಯಲ್ಲಿರುವ ರಸೀದಿ ನೋಡಿ ಬರೆದರೆ, ಕಾನೂನಿನ ಮಾತನ್ನೇ ಎತ್ತದೆ ಅದಕ್ಕಿಂತ ಗಟ್ಟಿಯಾದ ಪತ್ರವಾಗುತ್ತದೆ.

ಕ್ರೀಡೆಯ ಪತ್ರಗಳಲ್ಲಿ ಅಂಕಿಅಂಶದ ತಪ್ಪು ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಅಭಿಮಾನ ಲೆಕ್ಕಕ್ಕಿಂತ ಮುಂದೆ ಓಡುತ್ತದೆ. ಟೆಸ್ಟ್ ಕ್ರಿಕೆಟ್‌ನಲ್ಲಿ ತ್ರಿಶತಕ ಹೊಡೆದ ಭಾರತದ ಏಕೈಕ ಆಟಗಾರ ಕರುಣ್ ನಾಯರ್ ಎಂದು ಒಬ್ಬ ಓದುಗರು ಬರೆದು ನನಗೆ ತೋರಿಸಿದ್ದರು. ಕರುಣ್ 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ರನ್ ಹೊಡೆದದ್ದು ನಿಜ, ಆದರೆ ಅವರಿಗಿಂತ ಮೊದಲೇ ಸೆಹ್ವಾಗ್ ಎರಡು ಸಲ ಮುನ್ನೂರು ದಾಟಿದ್ದರು. ಇಂಥ ಒಂದು ತಪ್ಪಿಗಾಗಿ, ‘ಇಂಥ ಆಟಗಾರನನ್ನು ವರ್ಷಗಟ್ಟಲೆ ಹೊರಗಿಟ್ಟದ್ದು ಸರಿಯೇ’ ಎಂಬ ಅವರ ನ್ಯಾಯವಾದ ಪ್ರಶ್ನೆಯೇ ಬಿದ್ದುಹೋಗುತ್ತಿತ್ತು. ‘ಏಕೈಕ’, ‘ಮೊಟ್ಟಮೊದಲ’, ‘ಯಾರೂ ಇದುವರೆಗೆ’ ಎಂಬ ಮಾತುಗಳು ಬಂದಲ್ಲೆಲ್ಲ ನಿಂತು, ಪರೀಕ್ಷಿಸಿ, ಆಗದಿದ್ದರೆ ಹೊಡೆದು ಹಾಕಿ.

ಇದರ ಜೊತೆಗೇ ಬರುವ ಪ್ರಶ್ನೆ, ಪತ್ರ ಯಾರನ್ನು ಕುರಿತದ್ದು ಎಂಬುದು. ಕನ್ನಡದ ವಾಚಕರ ಪತ್ರಗಳಲ್ಲಿ ಅರ್ಧಕ್ಕರ್ಧ ‘ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?’ ಎಂದು ಮುಗಿಯುತ್ತವೆ. ದಯವಿಟ್ಟು ಈ ವಾಕ್ಯವನ್ನು ಬರೆಯಬೇಡಿ. ಸಂಬಂಧಪಟ್ಟವರು ಯಾರೆಂದು ಬರೆದವರಿಗೇ ಗೊತ್ತಿಲ್ಲದಿದ್ದರೆ, ಓದಿದ ಯಾವ ಅಧಿಕಾರಿಯೂ ಅದು ತನಗೆ ಹೇಳಿದ್ದು ಎಂದು ತಿಳಿಯುವುದಿಲ್ಲ. ಹರಿಹರದ ಬಸ್ಸು ಕೆಎಸ್‌ಆರ್‌ಟಿಸಿಗೆ ಸೇರಿದ್ದು. ತುಂಗಭದ್ರೆ ದಾಟಿ ರಾಣೆಬೆನ್ನೂರಿಗೆ ಹೋದರೆ ಅದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ವ್ಯಾಪ್ತಿ. ಊರಿನ ಬೀದಿದೀಪ ಪಂಚಾಯಿತಿಯದು, ಅದಕ್ಕೆ ಬರುವ ಕರೆಂಟು ನಮ್ಮ ಕಡೆ ಬೆಸ್ಕಾಂನದು. ರಸ್ತೆಯ ಗುಂಡಿಯಾದರೆ ಅದು ಹೆದ್ದಾರಿ ಪ್ರಾಧಿಕಾರದ್ದೋ ಲೋಕೋಪಯೋಗಿ ಇಲಾಖೆಯದೋ ಪಂಚಾಯಿತಿಯದೋ ಎಂದು ಕೇಳಿ ತಿಳಿಯಲು ಒಂದು ಬೆಳಗು ಸಾಕು. ಕಚೇರಿಯನ್ನು ಹೆಸರಿಸಿ, ಅಲ್ಲಿಂದ ಆಗಬೇಕಾದ ಒಂದು ಕೆಲಸವನ್ನು ಹೇಳಿ.

ಹೀಗೆ ಕೇಳಿ ತಿಳಿಯದೆ ಬರೆದ ನನ್ನದೊಂದು ಪತ್ರದ ನೆನಪು ಇನ್ನೂ ನೋಯಿಸುತ್ತದೆ. ಒಂದು ಹಳ್ಳಿಯ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿದ್ದನ್ನು ಕಂಡು, ಮುಖ್ಯ ಶಿಕ್ಷಕರ ನಿರ್ಲಕ್ಷ್ಯ ಎಂದು ಅದೇ ರಾತ್ರಿ ಬರೆದು ಕಳಿಸಿದೆ. ಅಚ್ಚಾದ ಮೂರನೆಯ ದಿನ ಆ ಮುಖ್ಯ ಶಿಕ್ಷಕರು ನಮ್ಮ ಮನೆಗೆ ಬಂದರು. ಜಗಳವಾಡಲಿಲ್ಲ. ಶೌಚಾಲಯಕ್ಕೆ ನೀರಿನ ಸಂಪರ್ಕ ಬೇಕೆಂದು ತಾವು ಕೊಟ್ಟಿದ್ದ ಮೂರು ಅರ್ಜಿಗಳ ನಕಲನ್ನು ಮೇಜಿನ ಮೇಲಿಟ್ಟು, ‘ನೀರಿಲ್ಲದೆ ತೆರೆದಿಟ್ಟರೆ ಮಕ್ಕಳಿಗೆ ಕಾಯಿಲೆ ಬರುತ್ತದೆ ಸಾರ್, ನೀವು ಒಂದು ಮಾತು ಕೇಳಬಹುದಿತ್ತು’ ಎಂದರು. ನಾನು ಕಂಡ ಬೀಗ ನಿಜವಾಗಿತ್ತು, ಅದರ ಕಾರಣ ನಾನೇ ಕಟ್ಟಿಕೊಂಡದ್ದಾಗಿತ್ತು. ಮರುವಾರ ಆ ಅರ್ಜಿಗಳ ದಿನಾಂಕ ಸಮೇತ ಇನ್ನೊಂದು ಪತ್ರ ಬರೆದು, ಮೊದಲಿನದನ್ನು ತಿದ್ದಿದೆ. ಅಂದಿನಿಂದ ಒಬ್ಬ ವ್ಯಕ್ತಿಯನ್ನು ದೂರುವ ಪತ್ರವನ್ನು ಆ ವ್ಯಕ್ತಿಯನ್ನೋ ಕಚೇರಿಯನ್ನೋ ವಿಚಾರಿಸದೆ ನಾನು ಕಳಿಸಿಲ್ಲ. ಇದರಲ್ಲಿ ಸೌಜನ್ಯ ಮಾತ್ರವಲ್ಲ, ಕಾನೂನೂ ಇದೆ: ಮಾನನಷ್ಟವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಅಪರಾಧ.

ಇನ್ನು ಬರವಣಿಗೆ. ಪತ್ರಕ್ಕೆ ಪೀಠಿಕೆ ಬೇಡ. ‘ಇಂದಿನ ಆಧುನಿಕ ಯುಗದಲ್ಲಿ’, ‘ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು ಇಷ್ಟು ವರ್ಷಗಳಾದರೂ’ ಎಂದು ಶುರುವಾದ ಪತ್ರವನ್ನು ಮುಂದೆ ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ಕಂಡದ್ದು ಮೊದಲ ವಾಕ್ಯದಲ್ಲಿರಲಿ. ಒಂದು ಮಾದರಿ ಕೊಡುತ್ತೇನೆ, ಊರು, ವೇಳೆ, ಸಂಖ್ಯೆ ನಿಮ್ಮವನ್ನು ಹಾಕಿಕೊಳ್ಳಿ:

‘ನಮ್ಮ ಊರಿನ ನಿಲ್ದಾಣದಲ್ಲಿ ಕಳೆದ ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ನಿಂತು ನೋಡಿದೆ. ಎಂಟೂಕಾಲರ ಬಸ್ಸು ಆರು ದಿನಗಳಲ್ಲಿ ನಾಲ್ಕು ದಿನ ತುಂಬಿ ಬಂದು ನಿಲ್ಲದೆ ಹೋಯಿತು; ಪಾಸ್ ಕೈಯಲ್ಲಿ ಹಿಡಿದ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಮುಂದಿನ ಬಸ್ಸಿಗೆ ಒಂದು ಗಂಟೆ ಕಾದು ಮೊದಲ ಪಾಠ ತಪ್ಪಿಸಿಕೊಂಡರು. ಈ ಮಾರ್ಗದಲ್ಲಿ ಎಂಟರಿಂದ ಒಂಬತ್ತರ ನಡುವೆ ಇನ್ನೊಂದು ಟ್ರಿಪ್ ಹಾಕಬೇಕೆಂದು ಡಿಪೊ ವ್ಯವಸ್ಥಾಪಕರನ್ನು ಕೋರುತ್ತೇನೆ.’

ಇದರಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾದ ಮೇಲೆ ಬಸ್ಸಿನ ದಟ್ಟಣೆಯ ಬಗ್ಗೆ ಬರೆಯುವ ಬಹಳ ಮಂದಿ, ಉಚಿತವಾಗಿ ಓಡಾಡುವ ಹೆಂಗಸರನ್ನು ಹಳಿಯುವುದಕ್ಕೇ ಪತ್ರದ ಮುಕ್ಕಾಲು ಭಾಗ ಬಳಸುತ್ತಾರೆ. ಯೋಜನೆ ಬೇಕೇ ಬೇಡವೇ ಎಂಬ ಚರ್ಚೆಗೆ ಅವರು ಸಿದ್ಧರಾಗಿದ್ದರೆ ಅದನ್ನೇ ನೇರವಾಗಿ ಮಾಡಲಿ. ನಿರ್ವಾಹಕರು ಕೊಡುವ ಶೂನ್ಯ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡಬೇಕು, ಅದು ಸಕಾಲಕ್ಕೆ ಬರುತ್ತಿದೆಯೇ, ಬಸ್ಸುಗಳು ಹೆಚ್ಚಾಗಿವೆಯೇ ಎಂದು ಕೇಳಲಿ. ಆದರೆ ಮಗಳ ಬಾಣಂತನಕ್ಕೆಂದು ಹೊರಟ ತಾಯಿಯನ್ನು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹುಡುಗಿಯನ್ನು ಅಣಕಿಸಿ ಬರೆಯುವುದನ್ನು ನಾನು ಒಪ್ಪಲಾರೆ. ಇಕ್ಕಟ್ಟಿನ ಬಸ್ಸಿನಲ್ಲಿ ಅವರೂ ನಿಂತೇ ಹೋಗುತ್ತಾರೆ. ಜಾತಿ, ಹೆಂಗಸು, ಧರ್ಮ, ಬೇರೆ ರಾಜ್ಯದಿಂದ ದುಡಿಯಲು ಬಂದವರು, ಇವರ ಮಾತು ಬಂದಾಗ ನಿಮ್ಮ ಪತ್ರವನ್ನು ಅವರಲ್ಲೊಬ್ಬರು ಎದುರಿಗೆ ಕುಳಿತು ಓದುತ್ತಿದ್ದಾರೆಂದು ಭಾವಿಸಿ ಒಮ್ಮೆ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ತಿದ್ದಬೇಕು. ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಯ ಬಗ್ಗೆ ಬರೆಯುವಾಗಲೂ ಹೀಗೆಯೇ. ಯಾವ ಬೀದಿಯಲ್ಲಿ ಎಷ್ಟು ಫಲಕ ನೋಡಿದೆ, ಎಷ್ಟರಲ್ಲಿ ಕನ್ನಡ ಮೂಲೆ ಸೇರಿದೆ ಎಂದು ಬರೆದರೆ ನಗರಪಾಲಿಕೆ ಉತ್ತರ ಕೊಡಬೇಕಾಗುತ್ತದೆ. ಅಂಗಡಿಯವನ ತಾಯ್ನುಡಿಯನ್ನು ಬೈದರೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಉದ್ದದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪದಗಳ ಮಿತಿಯನ್ನು ಪತ್ರಿಕೆ ತಿಳಿಸಿದ್ದರೆ ಅದನ್ನು ಪಾಲಿಸಿ, ಇಲ್ಲದಿದ್ದರೆ ನೂರೈವತ್ತು ಪದಗಳೊಳಗೆ ಮುಗಿಸಿ. ಒಂದು ಪತ್ರಕ್ಕೆ ಒಂದೇ ವಿಷಯ. ಬರೆದು ಮುಗಿಸಿದ ಮೇಲೆ ಮೊದಲ ವಾಕ್ಯವನ್ನೂ ಕೊನೆಯ ವಾಕ್ಯವನ್ನೂ ಬೆರಳಿನಿಂದ ಮುಚ್ಚಿ ಓದಿದರೆ, ಬಹಳ ಸಲ ಅವೆರಡೂ ಬೇಕಿರಲಿಲ್ಲವೆಂದು ಗೊತ್ತಾಗುತ್ತದೆ.

ಕಳಿಸುವಾಗ ಒಂದು ಎಚ್ಚರಿಕೆ ಅಗತ್ಯ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ್ದನ್ನು ಹಾಗೆಯೇ ಇಮೇಲ್‌ಗೆ ಅಂಟಿಸಿದರೆ, ಆ ಕಡೆ ತೆರೆದವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸುತ್ತದೆ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಾಯಿಸಿಯೇ ಕಳಿಸಿ. ಕೈಬರಹದ ಫೋಟೊ ತೆಗೆದು ಕಳಿಸುವುದಕ್ಕಿಂತ ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಟೈಪಿಸುವುದು ಮೇಲು. ಕೆಳಗೆ ನಿಜವಾದ ಹೆಸರು, ಊರು, ದೂರವಾಣಿ ಸಂಖ್ಯೆ ಇರಬೇಕು. ಹೆಸರು ಪ್ರಕಟಿಸಬಾರದೆಂದಿದ್ದರೆ ಕಾರಣದೊಂದಿಗೆ ಕೇಳಿಕೊಳ್ಳಿ. ಒಂದೇ ಪತ್ರವನ್ನು ಒಂದೇ ದಿನ ನಾಲ್ಕು ಪತ್ರಿಕೆಗಳಿಗೆ ಕಳಿಸುವ ಅಭ್ಯಾಸ ಬೇಡ. ಎರಡು ಕಡೆ ಅಚ್ಚಾದರೆ ಎರಡೂ ಕಡೆಯವರಿಗೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಸುದ್ದಿಗೆ ಪ್ರತಿಕ್ರಿಯೆಯಾದರೆ ಅದೇ ದಿನ ಸಂಜೆಯೊಳಗೆ ಕಳಿಸಿ, ಸುದ್ದಿಯ ಶೀರ್ಷಿಕೆ ಮತ್ತು ದಿನಾಂಕವನ್ನು ಆವರಣದಲ್ಲಿ ಹಾಕಿ.

ಅಚ್ಚಾದ ಪತ್ರದ ತುಣುಕನ್ನು ಕತ್ತರಿಸಿ, ದಿನಾಂಕ ಬರೆದು, ಒಂದು ಪ್ರತಿಯನ್ನು ನೀವು ಹೆಸರಿಸಿದ ಕಚೇರಿಗೆ ಅರ್ಜಿಯ ಜೊತೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಒಂದೆರಡು ತಿಂಗಳಲ್ಲಿ ಏನೂ ಆಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ನಿಮ್ಮ ಅರ್ಜಿಯ ಮೇಲೆ ಕೈಗೊಂಡ ಕ್ರಮದ ವಿವರ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಆ ಉತ್ತರ ಕೈಗೆ ಬಂದಾಗ ನಿಮ್ಮ ಎರಡನೆಯ ಪತ್ರಕ್ಕೆ ವಿಷಯ ಸಿಕ್ಕಿತು. ಬಸ್ಸು ಬಂತೆಂದಾದರೆ ಅದನ್ನೂ ಬರೆಯಿರಿ, ಎಷ್ಟು ಗಂಟೆಗೆ ಬರುತ್ತಿದೆ ಎಂಬುದರ ಸಮೇತ.