ಬಂದರಿಕೆ ಸೊಪ್ಪು, ಔಡಲೆಣ್ಣೆ ಮತ್ತು ನಮ್ಮ ಅಗರ್ ತಟ್ಟೆ

ಗಿಡಮೂಲಿಕೆಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆಯೇ ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಇರುವುದು ಧಾರವಾಡದಲ್ಲಿ, ಗಿಡ ಹುಡುಕಿಕೊಂಡು ಹೋಗುವುದು ಗದಗ ಜಿಲ್ಲೆಯ ಕಪ್ಪತಗುಡ್ಡದ ಕಡೆಗೆ. ಪ್ರಾಜೆಕ್ಟ್ ಮಾಡಲು ಬರುವ ಎಂ.ಎಸ್ಸಿ. ಹುಡುಗರು ಮೊದಲು ಕೇಳುವುದು ಒಂದೇ ಮಾತು: “ಮೇಡಂ, ಯಾವ ಗಿಡ ತಗೊಂಡ್ರ ಝೋನ್ ಛಲೋ ಬರ್ತೈತ್ರಿ?” ಝೋನ್ ಅಂದರೆ ಅಗರ್ ಎಂಬ ಜೆಲ್ಲಿಯ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿದಾಗ, ಗಿಡದ ರಸದ ಸುತ್ತ ಅವು ಬೆಳೆಯದೆ ಉಳಿಯುವ ವೃತ್ತ. ನಾನು ತಿರುಗಿ ಕೇಳುತ್ತೇನೆ, ಆ ಗಿಡವನ್ನು ಊರಿನವರು ಯಾವುದಕ್ಕೆ ಹಚ್ಚುತ್ತಾರೆ, ಹೇಗೆ ಮಾಡಿಕೊಂಡು ಹಚ್ಚುತ್ತಾರೆ, ತಿಳಿದುಕೊಂಡಿದ್ದೀರಾ? ಬಹಳಷ್ಟು ಸಲ ಉತ್ತರ ಇರುವುದಿಲ್ಲ. ಅದು ಗೊತ್ತಿಲ್ಲದೆ ಲ್ಯಾಬಿಗೆ ಹೋದರೆ ಸಿಗುವ ಅಂಕಿಗೆ ಅರ್ಥ ಹಚ್ಚುವುದು ಕಷ್ಟ. ಒಂದು ಗಿಡದ ಮೇಲೆ ನಾನು ಮಾಡಿದ ಕೆಲಸವನ್ನು ಹೇಳಿದರೆ ಇದು ಸ್ಪಷ್ಟವಾಗುತ್ತದೆ. ಆ ಗಿಡ ಬಂದರಿಕೆ.

ಕಪ್ಪತಗುಡ್ಡವನ್ನು ಉತ್ತರ ಕರ್ನಾಟಕದ ಸಹ್ಯಾದ್ರಿ ಅನ್ನುತ್ತಾರೆ. ಆದರೆ ಅಲ್ಲಿ ಸಹ್ಯಾದ್ರಿಯ ಮಳೆ ಇಲ್ಲ. ಕೆಂಪು ಮಣ್ಣು, ಕಬ್ಬಿಣದ ಅಂಶದ ಕಲ್ಲು, ಕುರುಚಲು ಕಾಡು, ಎಲೆ ಉದುರುವ ಮರಗಳು. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡದ 244 ಚದರ ಕಿಲೋಮೀಟರಿನಷ್ಟು ಜಾಗ 2019ರಲ್ಲಿ ವನ್ಯಜೀವಿ ಧಾಮವಾಯಿತು. ಜನ ವರ್ಷಗಟ್ಟಲೆ ಹೋರಾಡಿ ಉಳಿಸಿಕೊಂಡ ಗುಡ್ಡ ಇದು. ನನ್ನಂಥವರಿಗೆ ಕೆಲಸ ಇರುವುದೇ ಅವರಿಂದ.

ಬಂದರಿಕೆ ಈ ಒಣ ಸೀಮೆಯ ಗಿಡ. ಗುಡ್ಡದ ಇಳಿಜಾರು, ರಸ್ತೆ ಬದಿ, ಹೊಲದ ಬದು, ಎಲ್ಲ ಕಡೆ ಬೆಳೆಯುತ್ತದೆ. ಆಡು ಕುರಿ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಸಸ್ಯಶಾಸ್ತ್ರದ ಹೆಸರು ಡೊಡೋನಿಯಾ ವಿಸ್ಕೋಸಾ, ಅಂಟುವಾಳದ ಕುಟುಂಬಕ್ಕೆ ಸೇರಿದ್ದು. ಎಳೆಯ ಎಲೆ ವಾರ್ನಿಶ್ ಬಳಿದ ಹಾಗೆ ಮಿರುಗುತ್ತದೆ. ಬೆರಳಲ್ಲಿ ತಿಕ್ಕಿ ನೋಡಿ, ಅಂಟು ಹತ್ತುತ್ತದೆ. ಬರೀ ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ, ಎಣ್ಣೆ ಹಚ್ಚಿ ಒರೆಸಬೇಕು. ಈ ಅಂಟನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಡಂಬಳದ ಆಚೆ ಗುಡ್ಡದ ಬುಡದಲ್ಲಿ ಕುರಿ ಕಾಯುವ ಹಿರಿಯರೊಬ್ಬರು ಇದರ ಬಳಕೆ ಹೇಳಿಕೊಟ್ಟರು. ಕುರಿಗೆ ಪೆಟ್ಟಾಗಿ ಬಾತರೆ, ಗಾಯ ಕೀವು ಹಿಡಿದರೆ ಅವರು ಬಂದರಿಕೆ ಕಟ್ಟುತ್ತಾರೆ. ಮನುಷ್ಯರಿಗೆ ಉಳುಕಿದರೂ ಅದೇ. “ಅಜ್ಜಾರ, ಕಷಾಯ ಕಾಸ್ತೀರೇನ್ರಿ?” ಅಂತ ಕೇಳಿದೆ.

“ಕಷಾಯ ಯಾಕವ್ವಾ? ನೀರಿಗೆ ಇದು ಬಿಡಂಗಿಲ್ಲ. ತುದಿ ಎಲಿ ಹರೀಬೇಕು, ಕೈಗೆ ಅಂಟಬೇಕು ಅದು. ಜಜ್ಜಿ ಔಡಲೆಣ್ಣ್ಯಾಗ ಬಾಡಸಬೇಕು, ಕರಕಲ ಮಾಡಬಾರ್ದು. ಬೆಚ್ಚಗ ಇದ್ದಾಗನ ಕಟ್ಟಬೇಕು.”

ಆ ನಾಲ್ಕು ಮಾತಿನಲ್ಲಿ ನನ್ನ ಇಡೀ ಪ್ರಯೋಗದ ನಕ್ಷೆ ಇತ್ತು. ಯಾವ ಎಲೆ ತರಬೇಕು, ಯಾವ ದ್ರಾವಕ ಬಳಸಬೇಕು, ಎಷ್ಟು ಬಿಸಿ ಮಾಡಬಹುದು, ಯಾವ ಬ್ಯಾಕ್ಟೀರಿಯಾದ ಮೇಲೆ ನೋಡಬೇಕು. ಕೀವು ಹಿಡಿದ ಗಾಯ ಅಂದರೆ ಮೊದಲು ನೆನಪಿಗೆ ಬರುವುದು ಸ್ಟೆಫೈಲೋಕಾಕಸ್ ಆರಿಯಸ್.

ಅವರೇ ಇನ್ನೊಂದು ಮದ್ದೂ ಹೇಳಿದರು: ದನದ ಗಾಯಕ್ಕೆ ಸೀತಾಫಲದ ಎಲೆ ಅರೆದು ತುಂಬುವುದು. ಸೀತಾಫಲದ ಎಲೆಯನ್ನು ತಂದು ಸುಮ್ನೆ ಬ್ಯಾಕ್ಟೀರಿಯಾದ ಮೇಲೆ ಹಾಕಿ ‘ಅಷ್ಟೇನೂ ಪರಿಣಾಮ ಇಲ್ಲ’ ಎಂದು ಬರೆದುಬಿಡಬಹುದು. ಆದರೆ ಅವರು ಅದನ್ನು ಹಾಕುವುದು ಗಾಯದಲ್ಲಿ ಹುಳ ಬಿದ್ದಾಗ, ಅಂದರೆ ನೊಣದ ಮರಿಹುಳ. ಸೀತಾಫಲದ ಎಲೆ ಮತ್ತು ಬೀಜದಲ್ಲಿ ಅಸಿಟೋಜೆನಿನ್ ಎಂಬ ವಸ್ತುಗಳಿವೆ. ಅವು ಕೀಟಗಳ ಜೀವಕೋಶದಲ್ಲಿ ಶಕ್ತಿ ತಯಾರಾಗುವುದನ್ನೇ ತಡೆಯುತ್ತವೆ. ಮದ್ದು ಸರಿಯಾಗಿಯೇ ಇದೆ, ನಾವು ತಪ್ಪು ಜೀವಿಯ ಮೇಲೆ ಪರೀಕ್ಷೆ ಮಾಡಿದರೆ ಅದು ಸೋತಂತೆ ಕಾಣುತ್ತದೆ ಅಷ್ಟೇ. ಅದಕ್ಕೇ ಯಾವ ರೋಗಕ್ಕೆ, ರೋಗದ ಯಾವ ಹಂತದಲ್ಲಿ ಎಂದು ಬಿಡಿಸಿ ಕೇಳಬೇಕು.

ಕೆಲವರು ಹೇಳಲು ಹಿಂಜರಿಯುತ್ತಾರೆ. ಅದಕ್ಕೆ ಕಾರಣವೂ ಇದೆ. ಅರಿಶಿನ ಗಾಯ ಮಾಯಿಸುತ್ತದೆ ಎಂಬ ನಮ್ಮ ಅಡುಗೆಮನೆಯ ತಿಳಿವಳಿಕೆಗೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ಭಾರತದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೆಯ ದಾಖಲೆಗಳನ್ನು ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬರೆದಿಟ್ಟ ತಿಳಿವಳಿಕೆ ಆದ್ದರಿಂದ ಉಳಿಯಿತು. ಬಾಯಿಂದ ಬಾಯಿಗೆ ಬಂದದ್ದಕ್ಕೆ ಆ ಕಾವಲು ಇಲ್ಲ. ಹಾಗಾಗಿ ನಾನು ಯಾತಕ್ಕೆ ಕೇಳುತ್ತಿದ್ದೇನೆ, ಎಲ್ಲಿ ಬರೆಯುತ್ತೇನೆ ಎಂದು ಮೊದಲೇ ಹೇಳುತ್ತೇನೆ. ಬೇಡ ಅಂದರೆ ಪುಸ್ತಕ ಮುಚ್ಚಿಡುತ್ತೇನೆ. ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ತಿಳಿಸುತ್ತೇನೆ.

ಧಾಮದ ಒಳಗೆ ಅಧ್ಯಯನಕ್ಕೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕಿತು ಅಂತ ಗಿಡ ಕಿತ್ತು ತರುವಂತಿಲ್ಲ, ಅದು ಬೇರೆ ಮಾತು. ಬಂದರಿಕೆ ಹೊರಗೂ ಬೇಕಾದಷ್ಟಿದೆ. ಒಪ್ಪಿದ ರೈತರ ಹೊಲದ ಬದುವಿನಿಂದ ತುದಿ ಎಲೆಗಳನ್ನಷ್ಟೇ ಕೊಯ್ದೆ. ಬೇರು, ತೊಗಟೆ ಮುಟ್ಟಲಿಲ್ಲ. ಎಲೆಯಲ್ಲಿ ಸಿಗುವ ಕೆಲಸಕ್ಕೆ ಬೇರು ಅಗೆಯುವುದನ್ನು ನಾನು ಒಪ್ಪುವುದಿಲ್ಲ.

ಕೊಯ್ದ ದಿನವೇ ಹೂವು, ಕಾಯಿ ಇರುವ ಒಂದು ರೆಂಬೆಯನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟು ಹರ್ಬೇರಿಯಂ ಹಾಳೆ ಮಾಡಬೇಕು. ಬಂದರಿಕೆಯ ಕಾಯಿಗೆ ತೆಳುವಾದ ರೆಕ್ಕೆಗಳಿರುತ್ತವೆ, ಬಲಿತಾಗ ಕೆಂಪಾಗುತ್ತವೆ. ಗುರುತು ಹಿಡಿಯಲು ಅದು ಚೆನ್ನಾಗಿ ಸಹಾಯ ಮಾಡುತ್ತದೆ. ಸಸ್ಯಶಾಸ್ತ್ರದವರಿಗೆ ತೋರಿಸಿ, ಹೆಸರು ಖಚಿತ ಮಾಡಿಸಿ, ಹಾಳೆಗೆ ನಂಬರ್ ಪಡೆದ ಮೇಲೆಯೇ ಮುಂದಿನ ಕೆಲಸ. ನಾಳೆ ಯಾರಾದರೂ ‘ನೀವು ಪರೀಕ್ಷೆ ಮಾಡಿದ ಗಿಡ ಇದೇನಾ?’ ಎಂದು ಕೇಳಿದರೆ ತೋರಿಸಲು ಆ ಹಾಳೆ ಬಿಟ್ಟು ಬೇರೆ ಸಾಕ್ಷಿ ಇಲ್ಲ.

ಒಣಗಿಸುವುದು ನೆರಳಲ್ಲಿ. ಧಾರವಾಡದ ಮಳೆಗಾಲದಲ್ಲಿ ಇದು ಸುಲಭವಲ್ಲ. ಜಿಟಿಜಿಟಿ ಮಳೆಗೆ ಎಲೆ ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಎಲೆಯನ್ನು ಒರೆಸಿ ಬಳಸಿದರೆ ಫಲಿತಾಂಶವೇ ಹಾಳು. ಶಿಲೀಂಧ್ರಗಳು ತಾವೇ ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ತಯಾರಿಸುತ್ತವೆ, ಪೆನ್ಸಿಲಿನ್ ಬಂದದ್ದು ಅಲ್ಲಿಂದಲೇ ಅಲ್ವಾ? ಆಗ ಕೊಂದದ್ದು ಎಲೆಯೋ ಬೂಸ್ಟೋ ಎಂದು ಹೇಳಲಾಗುವುದಿಲ್ಲ. ಫ್ಯಾನಿನ ಕೆಳಗೆ ತೆಳ್ಳಗೆ ಹರಡಿ, ದಿನಾ ತಿರುವಿಹಾಕಿ ಒಣಗಿಸುತ್ತೇವೆ.

ಈಗ ರಸ ತೆಗೆಯುವ ಮಾತು. ಪುಡಿಯನ್ನು ಬೇರೆ ಬೇರೆ ಪಾಲು ಮಾಡಿ ನೀರು, ಮೆಥನಾಲ್, ಈಥೈಲ್ ಅಸಿಟೇಟ್, ಹೆಕ್ಸೇನ್‌ಗಳಲ್ಲಿ ನೆನೆಹಾಕಿದೆ. ಬಿಸಿ ಮಾಡದೆ, ಶೇಕರ್ ಮೇಲಿಟ್ಟು. ಆಮೇಲೆ ಸೋಸಿ, ರೋಟರಿ ಇವ್ಯಾಪೊರೇಟರಿನಲ್ಲಿ 40 ಡಿಗ್ರಿ ದಾಟದ ಹಾಗೆ ದ್ರಾವಕ ಹಾರಿಸಿದೆ. ಈಥೈಲ್ ಅಸಿಟೇಟಿನ ಫ್ಲಾಸ್ಕಿನ ತಳದಲ್ಲಿ ಕಡು ಹಸಿರು ಅಂಟು ಉಳಿಯಿತು, ಸ್ಪಾಚುಲಾದಿಂದ ಕೆರೆಯಲು ಹೋದರೆ ಎಳೆ ಎಳೆಯಾಗಿ ಎಳೆದುಕೊಂಡು ಬರುತ್ತಿತ್ತು. ಬೆರಳಿಗೆ ಹತ್ತಿದ್ದ ಅಂಟು ಅದೇ. ನೀರಿನ ಪಾತ್ರೆಯಲ್ಲಿ ಉಳಿದದ್ದು ಕಂದು ಪುಡಿ, ಅಂಟಿನ ಸುಳಿವೇ ಇಲ್ಲ. ಸ್ಟೆಫೈಲೋಕಾಕಸ್ ಮೇಲೆ ನೀರಿನ ರಸ ಏನೂ ಮಾಡಲಿಲ್ಲ, ಈಥೈಲ್ ಅಸಿಟೇಟಿನದು ಕೆಲಸ ಮಾಡಿತು. ಬಂದರಿಕೆಯ ಅಂಟಿನಲ್ಲಿ ಮೀಥೈಲ್ ಗುಂಪು ಹೊತ್ತ ಫ್ಲೇವನಾಯ್ಡ್‌ಗಳು, ಡೈಟರ್ಪೀನ್‌ಗಳು ಇವೆ. ಅವು ನೀರಿಗೆ ಒಲ್ಲೆ ಅನ್ನುತ್ತವೆ, ಎಣ್ಣೆಯಂಥದ್ದಕ್ಕೆ ಬಿಟ್ಟುಕೊಡುತ್ತವೆ. ಅಜ್ಜಾರು ಔಡಲೆಣ್ಣೆಯಿಂದ ಮಾಡುತ್ತಿದ್ದ ಕೆಲಸವನ್ನು ನಾನು ಈಥೈಲ್ ಅಸಿಟೇಟಿನಿಂದ ಮಾಡಿದ್ದೆ. ‘ನಾಟಿ ಔಷಧ ಅಂದರೆ ಕಷಾಯ’ ಎಂದುಕೊಂಡು ಬರೀ ನೀರಿನಲ್ಲಿ ಕುದಿಸಿದ್ದರೆ ಈ ಗಿಡ ನಮ್ಮ ಪಟ್ಟಿಯಿಂದಲೇ ಬಿದ್ದುಹೋಗುತ್ತಿತ್ತು.

ಚೀನಾದ ತು ಯೂಯೂ ಅವರ ಕತೆ ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕೇ. ಮಲೇರಿಯಾಕ್ಕೆ ಮದ್ದು ಹುಡುಕುವಾಗ ಚಿಂಗ್‌ಹಾವ್ ಗಿಡದ ರಸ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ನಾಲ್ಕನೇ ಶತಮಾನದ ವೈದ್ಯ ಗ ಹಾಂಗ್ ಆ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ ಕುಡಿಯಿರಿ ಎಂದು ಬರೆದಿದ್ದ. ಕುದಿಸಿ ಎಂದು ಬರೆದಿರಲಿಲ್ಲ. ಬಿಸಿಗೆ ಗುಣ ಕೆಡುತ್ತಿರಬೇಕು ಎಂದು ಊಹಿಸಿ ಅವರು ಕಡಿಮೆ ಶಾಖದಲ್ಲಿ ಈಥರ್ ಬಳಸಿ ರಸ ತೆಗೆದರು. ಅಲ್ಲಿಂದ ಆರ್ಟೆಮಿಸಿನಿನ್ ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು.

ತಟ್ಟೆಯ ಕೆಲಸ ಈ ಕ್ಷೇತ್ರದವರಿಗೆಲ್ಲ ಗೊತ್ತು. ಮುಲ್ಲರ್-ಹಿಂಟನ್ ಅಗರನ್ನು 4 ಮಿಲಿಮೀಟರ್ ದಪ್ಪಕ್ಕೆ ಸುರಿಯುವುದು, ಬ್ಯಾಕ್ಟೀರಿಯಾವನ್ನು 0.5 ಮ್ಯಾಕ್‌ಫರ್ಲ್ಯಾಂಡ್ ಅಳತೆಗೆ, ಅಂದರೆ ಮಿಲಿಲೀಟರಿಗೆ ಸುಮಾರು 15 ಕೋಟಿ ಕೋಶಗಳಿಗೆ ಹೊಂದಿಸಿ ಹರಡುವುದು, ಗುಳಿ ಕೊರೆದು ರಸ ಹಾಕಿ ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿಡುವುದು. ರಸ ಕರಗಿಸಿದ ದ್ರಾವಕ ಡಿಎಂಎಸ್‌ಒವನ್ನು, ಕೊಂದದ್ದು ಅದಲ್ಲ ಎಂದು ತಿಳಿಯಲು, ಒಂದು ಗುಳಿಗೆ ಬರಿದಾಗಿ ಹಾಕಲೇಬೇಕು, ಇನ್ನೊಂದಕ್ಕೆ ಗೊತ್ತಿರುವ ಆ್ಯಂಟಿಬಯೋಟಿಕ್.

ಮರುದಿನ ಗುಳಿಯ ಸುತ್ತ ಬೆಳವಣಿಗೆ ಇಲ್ಲದ ತಿಳಿ ವೃತ್ತ ಕಾಣುತ್ತದೆ. ಅದೇ ಝೋನ್. ಅದನ್ನು ಸ್ಕೇಲಿನಿಂದ ಅಳೆದು, ದೊಡ್ಡ ಝೋನ್ ಇದ್ದದ್ದು ದೊಡ್ಡ ಔಷಧ ಎಂದು ಬರೆಯುವ ಚಾಳಿ ಜಾಸ್ತಿ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಅಗರ್ ಬಹುಪಾಲು ನೀರು. ನೀರಿಗೆ ಒಗ್ಗುವ ವಸ್ತು ಅದರಲ್ಲಿ ದೂರ ಹರಿಯುತ್ತದೆ, ಎಣ್ಣೆಗೆ ಒಗ್ಗುವ ವಸ್ತು ಗುಳಿಯ ಪಕ್ಕದಲ್ಲೇ ಕೂತುಬಿಡುತ್ತದೆ. ನಮ್ಮ ತಟ್ಟೆಯಲ್ಲಿ ಬಂದರಿಕೆಯದು ಸಣ್ಣ ಝೋನ್. ಪಕ್ಕದಲ್ಲೇ ಪರೀಕ್ಷಿಸಿದ ಆವರಿಕೆ ತೊಗಟೆಯದು ಅದಕ್ಕಿಂತ ದೊಡ್ಡದು. ಆದರೆ ಆವರಿಕೆ ತೊಗಟೆ ಅಂದರೆ ಟ್ಯಾನಿನ್, ಚರ್ಮ ಹದ ಮಾಡಲು ಬಳಸುವ ತೊಗಟೆ ಅದು. ಟ್ಯಾನಿನ್ ಕಂಡ ಕಂಡ ಪ್ರೋಟೀನಿಗೆಲ್ಲ ಅಂಟಿಕೊಂಡು ಗರಣೆ ಕಟ್ಟಿಸುತ್ತದೆ, ಬ್ಯಾಕ್ಟೀರಿಯಾವೇ ಆಗಬೇಕೆಂದಿಲ್ಲ. ಫೆರಿಕ್ ಕ್ಲೋರೈಡಿನ ಹನಿ ಬಿಟ್ಟರೆ ರಸ ಕಪ್ಪಾಯಿತು, ಟ್ಯಾನಿನ್ ಇರುವ ಗುರುತು ಅದು. ಟ್ಯಾನಿನ್ ಹಿಡಿದುಕೊಳ್ಳುವ ಪಿವಿಪಿ ಪುಡಿ ಹಾಕಿ ಅದನ್ನು ತೆಗೆದ ಮೇಲೆ ಅದರ ಝೋನ್ ಬಹಳ ಮಟ್ಟಿಗೆ ಇಳಿಯಿತು.

ಹಾಗಾಗಿ ನಿಜವಾದ ಅಳತೆ ಎಂಐಸಿ, ಅಂದರೆ ಬೆಳವಣಿಗೆ ನಿಲ್ಲಿಸಲು ಬೇಕಾಗುವ ಅತಿ ಕಡಿಮೆ ಪ್ರಮಾಣ. 96 ಗುಳಿಗಳ ಪ್ಲೇಟಿನಲ್ಲಿ ರಸವನ್ನು ಅರ್ಧರ್ಧ ಮಾಡುತ್ತಾ ಹೋಗಿ, ಬ್ಯಾಕ್ಟೀರಿಯಾ ಸೇರಿಸಿ, ಕೊನೆಗೆ ರೆಸಝುರಿನ್ ಬಣ್ಣ ಹಾಕುತ್ತೇವೆ. ಜೀವ ಇದ್ದ ಕಡೆ ನೀಲಿ ಬಣ್ಣ ಗುಲಾಬಿಗೆ ತಿರುಗುತ್ತದೆ. ಹಸಿರು ರಸದಲ್ಲಿ ಕದಡಿದ್ದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಈ ಬಣ್ಣ ಬೇಕೇ ಬೇಕು. ಒಂದು ಎಚ್ಚರ: ಗಿಡದ ಕೆಲವು ಫೀನಾಲ್‌ಗಳು ಬ್ಯಾಕ್ಟೀರಿಯಾ ಇಲ್ಲದೆಯೂ ಈ ಬಣ್ಣ ತಿರುಗಿಸಬಲ್ಲವು. ಬರೀ ರಸ ಮತ್ತು ಬಣ್ಣ ಮಾತ್ರ ಇರುವ ಒಂದು ಸಾಲು ಇಡದಿದ್ದರೆ ಫಲಿತಾಂಶ ನಂಬುವ ಹಾಗಿಲ್ಲ. ಈ ಪರೀಕ್ಷೆಯಲ್ಲಿ ಬಂದರಿಕೆ ಆವರಿಕೆಯನ್ನು ಹಿಂದೆ ಹಾಕಿತು. ಇಡೀ ರಸದ ಎಂಐಸಿ ಮಿಲಿಲೀಟರಿಗೆ 100 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕುತೂಹಲದ ವಿಷಯ, 1000 ದಾಟಿದರೆ ಬಿಟ್ಟುಬಿಡಿ ಎನ್ನುವುದು ಈ ಕ್ಷೇತ್ರದಲ್ಲಿ ಬಹಳ ಜನ ಒಪ್ಪುವ ಲೆಕ್ಕ. ನಾನೂ ಅದನ್ನೇ ಪಾಲಿಸುತ್ತೇನೆ.

ಇ. ಕೋಲಿ ಮೇಲೆ ಬಂದರಿಕೆ ಅಷ್ಟು ನಡೆಯಲಿಲ್ಲ. ಅದರಂಥ, ಗ್ರಾಂ ನೆಗೆಟಿವ್ ಎನ್ನುವ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪೊರೆ ಇರುತ್ತದೆ, ಇಂಥ ಜಿಡ್ಡಿನ ವಸ್ತುಗಳನ್ನು ಅದು ಒಳಗೆ ಬಿಡುವುದಿಲ್ಲ. ‘ಎಲ್ಲ ಸೋಂಕಿಗೂ ರಾಮಬಾಣ’ ಎಂದು ಬರೆಯುವವರು ಇದನ್ನು ಗಮನಿಸಬೇಕು.

ಅಂಟಿನಲ್ಲಿರುವ ಯಾವ ವಸ್ತು ಕೆಲಸ ಮಾಡುತ್ತಿದೆ ಎಂದು ನೋಡಲು ಟಿಎಲ್‌ಸಿ ಹಾಳೆಯ ಮೇಲೆ ರಸದ ವಸ್ತುಗಳನ್ನು ಬೇರೆ ಬೇರೆ ಪಟ್ಟಿಗಳಾಗಿ ಬೇರ್ಪಡಿಸಿ, ಅದರ ಮೇಲೆ ಬ್ಯಾಕ್ಟೀರಿಯಾ ಬೆರೆಸಿದ ಅಗರ್ ತೆಳ್ಳಗೆ ಸುರಿದು, ಮರುದಿನ ಎಂಟಿಟಿ ಎಂಬ ಬಣ್ಣ ಸಿಂಪಡಿಸುತ್ತೇವೆ. ಬದುಕಿದ ಬ್ಯಾಕ್ಟೀರಿಯಾ ಇರುವಲ್ಲೆಲ್ಲ ಹಾಳೆ ನೇರಳೆಯಾಗುತ್ತದೆ. ನಮ್ಮ ಹಾಳೆಯಲ್ಲಿ ನೇರಳೆಯ ನಡುವೆ ತಿಳಿ ಹಳದಿ ಪಟ್ಟಿಗಳು ಒಂದಕ್ಕಿಂತ ಜಾಸ್ತಿ ಉಳಿದವು. ಅಂದರೆ ಒಂದೇ ವಸ್ತುವಿನ ಕೆಲಸ ಅಲ್ಲ ಇದು. ಆ ಪಟ್ಟಿಗಳನ್ನು ಕೆರೆದು ಶುದ್ಧ ಮಾಡುವ ಕೆಲಸ ಈಗ ನಡೆಯುತ್ತಿದೆ.

ಜೊತೆಗೆ ವಿಷದ ಪರೀಕ್ಷೆಯೂ ಇದೆ. ಬಂದರಿಕೆ ಅಂಟುವಾಳದ ನೆಂಟ, ಎಲೆಪುಡಿಯನ್ನು ನೀರಲ್ಲಿ ಕುಲುಕಿದರೆ ನೊರೆ ಬರುತ್ತದೆ. ಆ ನೊರೆಯ ಸಪೋನಿನ್‌ಗಳು ಕೆಂಪು ರಕ್ತಕಣಗಳನ್ನು ಒಡೆಯಬಲ್ಲವು. ಬ್ಯಾಕ್ಟೀರಿಯಾ ಸಾಯುವ ಪ್ರಮಾಣದಲ್ಲೇ ನಮ್ಮ ಜೀವಕೋಶವೂ ಸತ್ತರೆ ಅದು ಔಷಧ ಆಗುವುದಿಲ್ಲ. ಇದನ್ನು ಮಾಡದೆ ಬರೀ ಝೋನ್ ಚಿತ್ರ ಹಾಕಿ ಔಷಧ ಸಿಕ್ಕಿತು ಎನ್ನುವುದು ಓದುವವರಿಗೆ ಮಾಡುವ ಅನ್ಯಾಯ.

ಇಲ್ಲಿಯವರೆಗಿನ ಫಲಿತಾಂಶವನ್ನು ಕನ್ನಡದಲ್ಲಿ ಒಂದು ಪುಟ ಬರೆದು ಆ ಹಿರಿಯರಿಗೂ ಪಂಚಾಯಿತಿಗೂ ಕೊಟ್ಟು ಬಂದೆ. ಮೊಮ್ಮಗಳು ಓದಿ ಹೇಳಿದಳು. “ಹಂಗಾರ ದವಾಖಾನಿಗಿ ಹೋಗೂದು ಬ್ಯಾಡೇನು?” ಎಂದು ಅವರು ಕೇಳಿದರು. ಕಬ್ಬಿಣ ತಗುಲಿದ ಗಾಯಕ್ಕೆ, ಆಳದ ಗಾಯಕ್ಕೆ, ಜ್ವರ ಬಂದರೆ, ಸಕ್ಕರೆ ಕಾಯಿಲೆ ಇದ್ದವರಿಗೆ ತಡ ಮಾಡದೆ ದವಾಖಾನೆಗೇ ಹೋಗಬೇಕು, ಟಿಟಿ ಇಂಜೆಕ್ಷನ್ನಿನ ಕೆಲಸ ಈ ಎಲೆ ಮಾಡುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ಒಪ್ಪಿದರು. ಆಮೇಲೆ, ಬೇಸಿಗೆಯ ಎಲೆಗೂ ಮಳೆಗಾಲದ ಎಲೆಗೂ ಅಂಟಿನಲ್ಲಿ ಫರಕ್ಕಿದೆ, ಅದನ್ನು ನೋಡಿದಿರೇನು ಎಂದು ಕೇಳಿದರು. ಮುಂದಿನ ಕೊಯ್ಲನ್ನು ಅದಕ್ಕೆಂದೇ ಎರಡೂ ಕಾಲದಲ್ಲಿ, ಅದೇ ಬದುವಿನ ಅದೇ ಗಿಡಗಳಿಂದ ಮಾಡುತ್ತಿದ್ದೇವೆ.