ಬೇಸಿಗೆಯಲ್ಲಿ ಹುಲ್ಲುಹಾಸಿನ ಆರೈಕೆ

ವಿಜಯಪುರದಲ್ಲಿ ಏಪ್ರಿಲ್–ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಅಂಗಳದ ಹುಲ್ಲುಹಾಸನ್ನು ಉಳಿಸಿಕೊಳ್ಳಲು, ನೀರಿನ ಪ್ರಮಾಣದಷ್ಟೇ ಅದನ್ನು ಹಾಯಿಸುವ ಕ್ರಮವೂ ಮುಖ್ಯ. ದಿನವೂ ಸಂಜೆ ಪೈಪ್ ಹಿಡಿದು ಮೇಲ್ಮೈಯನ್ನಷ್ಟೇ ತೋಯಿಸಿದರೆ ಬೇರುಗಳು ಆಳಕ್ಕಿಳಿಯದೆ, ಒಂದು ದಿನ ನಲ್ಲಿ ಬಾರದಿದ್ದರೂ ಹುಲ್ಲು ಬಾಡುತ್ತದೆ. ಆದ್ದರಿಂದ ಎರಡು-ಮೂರು ದಿನಕ್ಕೊಮ್ಮೆ, ಬೆಳಗಿನ ಜಾವದಲ್ಲಿ, ನಾಲ್ಕರಿಂದ ಆರು ಇಂಚು ಆಳ ನೆನೆಯುವಂತೆ ನೀರುಣಿಸಬೇಕು.

ನಮ್ಮ ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಮೊದಲ ನೀರು ಆ ಬಿರುಕಿಗೇ ಇಳಿದುಹೋಗುತ್ತದೆ. ನೆನೆದ ಮೇಲೆ ಅದೇ ಮಣ್ಣು ಉಬ್ಬಿ ನೀರನ್ನು ಬಹಳ ನಿಧಾನವಾಗಿ ಹೀರುವುದರಿಂದ, ಒಮ್ಮೆ ಹಾಯಿಸಿ, ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಹಾಯಿಸುವುದು ಒಳಿತು. ನಂತರ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ: ಹಸಿ ಮಣ್ಣಿನಲ್ಲಿ ಸಲೀಸಾಗಿ ಇಳಿದು, ಒಣ ಪದರ ತಾಗಿದೊಡನೆ ಅದು ನಿಲ್ಲುತ್ತದೆ. ನಡೆದ ಹೆಜ್ಜೆಗುರುತು ಹುಲ್ಲಿನ ಮೇಲೆ ಹಾಗೆಯೇ ಉಳಿದರೆ ನೀರಿನ ಹೊತ್ತು ಬಂದಿದೆ ಎಂದರ್ಥ.

ಬೇಸಿಗೆಯಲ್ಲಿ ಹುಲ್ಲನ್ನು ಎರಡು ಇಂಚಿನಷ್ಟು ಎತ್ತರ ಬಿಡಬೇಕು. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಮೊಂಡಾದ ಬ್ಲೇಡು ಎಲೆಯ ತುದಿಯನ್ನು ಹರಿದು, ಹಾಸಿಗೆಲ್ಲ ಕಂದು ಛಾಯೆ ತರುತ್ತದೆ. ಬಾಡಿದ ಹುಲ್ಲಿಗೆ ಯೂರಿಯಾ ಎರಚುವ ಆತುರವಂತೂ ಬೇಡವೇ ಬೇಡ, ಅದು ಸುಡುತ್ತದೆ.

ನೀರಿನ ಅಭಾವವಿದ್ದಲ್ಲಿ ಗರಿಕೆ ಜಾತಿಯ ಹಾಸನ್ನೇ ಆರಿಸಿಕೊಳ್ಳುವುದು ಜಾಣತನ; ಮೇಲೆ ಒಣಗಿದಂತೆ ಕಂಡರೂ ಬುಡದಲ್ಲಿ ಜೀವ ಹಿಡಿದಿಟ್ಟುಕೊಂಡು, ಮಳೆ ಬಿದ್ದ ಮೇಲೆ ಅದು ಮತ್ತೆ ಚಿಗುರುತ್ತದೆ.