ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ಬಿಸಿಯಾಗುತ್ತಿದ್ದ ಕಾರು: ನನ್ನ ಅನುಭವ

ನಮ್ಮ ಕಾರಿಗೆ ಈಗ 16 ವರ್ಷ. ತುಮಕೂರು ರಸ್ತೆಯಲ್ಲಿ 80ರಲ್ಲಿ ಹೋದರೂ ತೊಂದರೆ ಇಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ ಬಂದುಬಿಡುತ್ತಿತ್ತು.

ಒಂದು ಸರ್ವಿಸ್ ಸೆಂಟರ್‌ನಲ್ಲಿ ರೇಡಿಯೇಟರ್, ವಾಟರ್ ಪಂಪ್ ಎರಡೂ ಬದಲಿಸಬೇಕು, 17,500 ಆಗುತ್ತೆ ಅಂದರು. ಕಾರು ಮಾರಿದರೆ ಅದರ ಮೂರರಷ್ಟು ಬಂದರೆ ಜಾಸ್ತಿ! ಯೋಚನೆ ಮಾಡಿ ಹೇಳ್ತೀನಿ ಅಂತ ವಾಪಸ್ ಬಂದೆ.

ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು, ಅಲ್ವಾ? ಮನೆ ಮುಂದೆ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು ನೋಡಿದೆ. ಮುಳ್ಳು ಮುಕ್ಕಾಲು ದಾಟಿತು. ಫ್ಯಾನ್ ಸುಮ್ನೆ ನಿಂತಿತ್ತು. ತಕ್ಷಣ ಆಫ್ ಮಾಡಿದೆ.

ಬೀದಿ ಕೊನೆಯ ಆಟೋ ಎಲೆಕ್ಟ್ರಿಷಿಯನ್ ಬಂದರು. "ಮೊದಲು ಮೋಟರ್ ಸತ್ತಿದೆಯಾ ನೋಡೋಣ ಸಾರ್" ಅಂತ ಫ್ಯಾನಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟರು. ಗುರ್ ಅಂತ ತಿರುಗಿತು. ಆಮೇಲೆ ಹಾರ್ನ್ ರಿಲೇ (ಕರೆಂಟ್ ಆನ್-ಆಫ್ ಮಾಡುವ ಪುಟ್ಟ ಸ್ವಿಚ್) ಕಿತ್ತು ಫ್ಯಾನ್ ರಿಲೇ ಜಾಗಕ್ಕೆ ಹಾಕಿದರು. ನಮ್ಮ ಕಾರಿನಲ್ಲಿ ಎರಡೂ ಒಂದೇ ನಮೂನೆ. ಎಂಜಿನ್ ಬಿಸಿಯಾದಾಗ ಫ್ಯಾನ್ ತಾನಾಗಿ ಓಡಿತು, ಹಾರ್ನ್ ಮೂಕವಾಯಿತು. ಹಳೇ ರಿಲೇಯ ಒಂದು ಪಿನ್ ಸುಟ್ಟು ಕಪ್ಪಾಗಿತ್ತು.

ರಿಲೇಗೆ 220, ಕೂಲಿ 200.

ಒಂದು ತಪ್ಪು ನನ್ನದೂ ಇತ್ತು. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಬದಲು ಬೋರ್‌ವೆಲ್ ನೀರು ಸುರಿಯುತ್ತಿದ್ದೆ. ಎಂಜಿನ್ ಪೂರ್ತಿ ಆರಿದ ಮೇಲೆ ಖಾಲಿ ಮಾಡಿದರೆ ಟೀ ಬಣ್ಣದ ನೀರು ಬಂತು. ಎರಡು ಸಲ ತೊಳೆದು ಹೊಸ ಕೂಲೆಂಟ್ ಹಾಕಿಸಿದೆ. ಮೊನ್ನೆ ಅದೇ ಸಿಗ್ನಲ್‌ನಲ್ಲಿ ಇಪ್ಪತ್ತು ನಿಮಿಷ ನಿಂತೆ. ಮುಳ್ಳು ಅರ್ಧ ದಾಟಲಿಲ್ಲ.